ಹಾಲು ಬಿಟ್ಟ ಕೂಸು: ರಕ್ತದ ಅಮೈನೋ ಆಮ್ಲಗಳೂ ಮಗುವಿನ ಜೀವವೂ



ಹುಟ್ಟಿದ ಕೂಡಲೇ ಗಟ್ಟಿಯಾಗಿ ಅತ್ತು, ಮೊದಲನೆಯ ದಿನ ಮೊಲೆಹಾಲನ್ನು ಚೆನ್ನಾಗಿಯೇ ಕುಡಿದ ಕೂಸು ಮೂರನೆಯ ದಿನವೋ ನಾಲ್ಕನೆಯ ದಿನವೋ ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ. ಎಬ್ಬಿಸಿದರೂ ಏಳುವುದಿಲ್ಲ. ಕೈಕಾಲುಗಳು ಒಮ್ಮೆ ಜೋತುಬೀಳುತ್ತವೆ, ಒಮ್ಮೆ ಸೆಟೆದುಕೊಳ್ಳುತ್ತವೆ. ಮನೆಯವರು ದೃಷ್ಟಿ ತಾಗಿದೆಯೆಂದೋ ಬಾಲಗ್ರಹವೆಂದೋ ತಿಳಿದು ತಾಯಿತ ಕಟ್ಟಿಸುತ್ತಾರೆ. ಬಜೆ ತೇಯ್ದು ನೆಕ್ಕಿಸುತ್ತಾರೆ. ಹೆಸರಿಡುವ ದಿನ ಬರುವ ಮೊದಲೇ ಕೂಸು ತೀರಿಕೊಳ್ಳುತ್ತದೆ. ಮುಂದಿನ ಹೆರಿಗೆಯಲ್ಲಿಯೂ ಹೀಗೆಯೇ ಆದರೆ ದೋಷವೆಲ್ಲವನ್ನೂ ತಾಯಿಯ ಮೇಲೆ ಹೊರಿಸುತ್ತಾರೆ. ಇಂತಹ ಮರಣದ ಸಂಗತಿಯನ್ನು ನಿಮ್ಮ ಊರಿನಲ್ಲಿಯೋ ನೆಂಟರ ಮನೆಯಲ್ಲಿಯೋ ನೀವು ಕೇಳಿರಬಹುದು.

ಎಳೆಗೂಸು ಹಾಲು ಬಿಡುವುದಕ್ಕೆ ಕಾರಣಗಳು ಹಲವು. ಹೆಚ್ಚಿನ ಕೂಸುಗಳಲ್ಲಿ ರಕ್ತಕ್ಕೆ ನಂಜೇರಿರುವುದು, ಮೈ ತಣ್ಣಗಾಗಿರುವುದು ಅಥವಾ ರಕ್ತದಲ್ಲಿ ಸಕ್ಕರೆಯ ಅಂಶ ಇಳಿದಿರುವುದು ಕಾರಣವಾಗಿರುತ್ತದೆ. ಆದರೆ ಕೆಲವು ಕೂಸುಗಳಲ್ಲಿ ಕಾರಣವು ಬೇರೆಯೇ ಆಗಿರುತ್ತದೆ. ಅವುಗಳ ರಕ್ತದಲ್ಲಿ ಅಮೈನೋ ಆಮ್ಲಗಳೆಂಬ ಪದಾರ್ಥಗಳು ಮಿತಿಮೀರಿ ಸೇರಿಕೊಂಡು ಮಿದುಳಿಗೆ ವಿಷವಾಗುತ್ತವೆ. ಇದನ್ನು ಬೇಗನೆ ಕಂಡುಹಿಡಿದರೆ ಮಗುವನ್ನು ಉಳಿಸಿಕೊಳ್ಳಬಹುದು; ತಡವಾದರೆ ಉಳಿಸಿಕೊಳ್ಳುವುದು ಕಷ್ಟ. ಈ ಪಾಠದಲ್ಲಿ ಆ ಕಾಯಿಲೆಯ ವಿಚಾರವನ್ನೂ, ತಂದೆತಾಯಿಗಳಾದ ನಿಮ್ಮ ಕರ್ತವ್ಯವನ್ನೂ ತಿಳಿಯೋಣ.

ಅಮೈನೋ ಆಮ್ಲ ಎಂದರೇನು?

ನಾವು ತಿನ್ನುವ ಬೇಳೆ, ಹುರುಳಿ, ಮೊಟ್ಟೆ, ಮೀನು, ಹಾಲು ಮುಂತಾದವುಗಳಲ್ಲಿ ಸಸಾರಜನಕ, ಅಂದರೆ ಪ್ರೋಟೀನ್ ಇರುತ್ತದೆ. ದೇಹದ ಮಾಂಸಖಂಡ, ರಕ್ತ, ಚರ್ಮ ಎಲ್ಲವೂ ಬೆಳೆಯುವುದು ಇದರಿಂದಲೇ. ಮನೆಯ ಗೋಡೆಯು ಇಟ್ಟಿಗೆಗಳಿಂದ ಆಗಿರುವಂತೆ ಸಸಾರಜನಕವು ಅಮೈನೋ ಆಮ್ಲಗಳಿಂದ ಆಗಿದೆ. ಇವುಗಳಲ್ಲಿ ಮುಖ್ಯವಾದವು 20 ಬಗೆ. ಅವುಗಳಲ್ಲಿ 9 ಬಗೆಗಳನ್ನು ನಮ್ಮ ದೇಹವು ತಾನಾಗಿ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು.

ಆಹಾರವು ಜೀರ್ಣವಾದಾಗ ಸಸಾರಜನಕವು ಒಡೆದು ಅಮೈನೋ ಆಮ್ಲಗಳಾಗಿ ರಕ್ತವನ್ನು ಸೇರುತ್ತದೆ. ದೇಹವು ತನಗೆ ಬೇಕಾದಷ್ಟನ್ನು ಕಟ್ಟಡಕ್ಕೆ ಬಳಸಿಕೊಂಡು ಉಳಿದುದನ್ನು ಮತ್ತಷ್ಟು ಒಡೆದು ಶಕ್ತಿಯಾಗಿ ಉಪಯೋಗಿಸುತ್ತದೆ. ಹೀಗೆ ಒಡೆಯುವ ಕೆಲಸವನ್ನು ಮಾಡುವ ಪದಾರ್ಥಗಳಿಗೆ ಕಿಣ್ವಗಳೆಂದು ಹೆಸರು. ಒಂದೊಂದು ಅಮೈನೋ ಆಮ್ಲವನ್ನು ಒಡೆಯುವುದಕ್ಕೂ ಅದರದೇ ಆದ ಕಿಣ್ವಗಳಿವೆ. ಈ ಏರ್ಪಾಡು ಸರಿಯಾಗಿರುವವರೆಗೆ ರಕ್ತದಲ್ಲಿ ಅಮೈನೋ ಆಮ್ಲಗಳ ಮಟ್ಟವು ಹಿತಮಿತವಾಗಿರುತ್ತದೆ.

ಕಾಲುವೆಗೆ ಅಡ್ಡ ಬಿದ್ದರೆ

ಮಲೆನಾಡಿನ ಗದ್ದೆಯನ್ನು ನೆನಪಿಗೆ ತಂದುಕೊಳ್ಳಿ. ಗುಡ್ಡದಿಂದ ಇಳಿದ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರಿದು ಕೊನೆಗೆ ಹಳ್ಳವನ್ನು ಸೇರುತ್ತದೆ. ನಡುವೆ ಎಲ್ಲಿಯಾದರೂ ನೀರಿನ ದಾರಿಗೆ ಮಣ್ಣು ಕುಸಿದರೆ ಏನಾಗುತ್ತದೆ? ಮೇಲಿನ ಗದ್ದೆಯಲ್ಲಿ ನೀರು ನಿಂತು ಸಸಿ ಕೊಳೆಯುತ್ತದೆ. ಮಳೆ ನಿಲ್ಲದೆ ಸುರಿಯುತ್ತಿದ್ದರೆ ಅಂಚು ಒಡೆದು ಗದ್ದೆಯೇ ಕೊಚ್ಚಿಹೋಗುತ್ತದೆ.

ಒಂದು ಕಿಣ್ವವು ಹುಟ್ಟಿನಿಂದಲೇ ಕೆಲಸ ಮಾಡದಿದ್ದರೆ ಕೂಸಿನ ರಕ್ತದಲ್ಲಿಯೂ ಹೀಗೆಯೇ ಆಗುತ್ತದೆ. ಲ್ಯೂಸಿನ್, ಐಸೋಲ್ಯೂಸಿನ್ ಮತ್ತು ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಒಡೆಯುವ ಕಿಣ್ವವು ಕೆಲಸ ಮಾಡದಿದ್ದಾಗ ಬರುವ ಕಾಯಿಲೆಗೆ ಮೇಪಲ್ ಸಿರಪ್ ಮೂತ್ರರೋಗವೆಂದು ಹೆಸರು. ಆರೋಗ್ಯವಾಗಿರುವ ಕೂಸಿನ 100 ಮಿಲಿಲೀಟರ್ ರಕ್ತದಲ್ಲಿ ಲ್ಯೂಸಿನ್ ಸುಮಾರು 1ರಿಂದ 3 ಮಿಲಿಗ್ರಾಂ ಇರುತ್ತದೆ. ಈ ಕಾಯಿಲೆಯ ತೀವ್ರ ರೂಪದಲ್ಲಿ ಅದು 10 ಮಿಲಿಗ್ರಾಂ ಮೀರಿ, ಕೆಲವೊಮ್ಮೆ 20 ಮಿಲಿಗ್ರಾಮಿಗಿಂತಲೂ ಹೆಚ್ಚಾಗುತ್ತದೆ. ಆಗ ಮಿದುಳು ಊದಿಕೊಳ್ಳುತ್ತದೆ.

ಗರ್ಭದಲ್ಲಿರುವಾಗ ಇದು ಏಕೆ ಕಾಣುವುದಿಲ್ಲ? ಆಗ ಕೂಸಿನ ರಕ್ತದಲ್ಲಿ ಹೆಚ್ಚಾದುದನ್ನು ಮಾಸಿನ ಮೂಲಕ ತಾಯಿಯ ದೇಹವು ತೆಗೆದುಹಾಕುತ್ತಿರುತ್ತದೆ. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಮೇಲೆ ಆ ಸಹಾಯವು ನಿಂತುಹೋಗುತ್ತದೆ. ಆದುದರಿಂದಲೇ ಕೂಸು ತುಂಬು ತೂಕದೊಂದಿಗೆ, ಲಕ್ಷಣವಾಗಿ ಹುಟ್ಟುತ್ತದೆ. ಎರಡನೆಯ ದಿನದ ಹೊತ್ತಿಗೆ ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ನಾಲ್ಕೈದು ದಿನಗಳಲ್ಲಿ ಮಂಪರು ಹೆಚ್ಚುತ್ತದೆ, ಮೈ ಸೆಟೆಯುತ್ತದೆ, ಸೈಕಲ್ ತುಳಿಯುವಂತೆ ಕಾಲಾಡಿಸುವುದು ಕಾಣುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಎಚ್ಚರ ತಪ್ಪಿ ಉಸಿರಾಟವು ನಿಲ್ಲುವ ಸ್ಥಿತಿ ಬರುತ್ತದೆ. ಮಗುವನ್ನು ಉಳಿಸಿಕೊಳ್ಳಲು ನಿಮಗೆ ಸಿಗುವ ಕಾಲಾವಕಾಶವು ಈ ಕೆಲವೇ ದಿನಗಳು.

ವಾಸನೆಯು ಹೇಳುವ ಸುಳಿವು

ಈ ಕಾಯಿಲೆಗೆ ವಿಚಿತ್ರವಾದ ಹೆಸರು ಬಂದುದಕ್ಕೆ ಕಾರಣವಿದೆ. 1954ರಲ್ಲಿ ಅಮೆರಿಕದ ವೈದ್ಯರಾದ ಜಾನ್ ಮೆಂಕಸ್ ಮತ್ತು ಅವರ ಸಂಗಡಿಗರು ಒಂದೇ ಮನೆಯ ನಾಲ್ಕು ಕೂಸುಗಳು ಒಂದರ ಹಿಂದೆ ಒಂದರಂತೆ ತೀರಿಕೊಂಡ ಸಂಗತಿಯನ್ನು ವರದಿ ಮಾಡಿದರು. ಆ ಕೂಸುಗಳ ಮೂತ್ರಕ್ಕೆ ಮೇಪಲ್ ಎಂಬ ಮರದ ರಸವನ್ನು ಕಾಯಿಸಿ ಮಾಡುವ ಪಾಕದ ವಾಸನೆಯಿತ್ತು. ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ ಅದು ಸೀದ ಸಕ್ಕರೆಯ ಅಥವಾ ಜೋನಿಬೆಲ್ಲದ ವಾಸನೆಯನ್ನು ಹೋಲುತ್ತದೆ. ಮೆಂತ್ಯವನ್ನು ಹುರಿದಾಗ ಬರುವ ವಾಸನೆಯೂ ಹೆಚ್ಚುಕಡಿಮೆ ಇದೇ. ಬಟ್ಟೆಗೆ ಅಂಟಿದ ಮೂತ್ರದಲ್ಲಿ ಮಾತ್ರವಲ್ಲದೆ ಕೂಸಿನ ಕಿವಿಯ ಗುಗ್ಗೆಯಲ್ಲಿಯೂ ಈ ವಾಸನೆ ಇರುವುದುಂಟು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮಲ್ಲಿ ಬಾಣಂತಿಯರಿಗೆ ಮೆಂತ್ಯದ ಗಂಜಿ, ಮೆಂತ್ಯದ ಉಂಡೆ ಕೊಡುವ ರೂಢಿ ಇದೆ. ತಾಯಿಯು ಮೆಂತ್ಯ ತಿಂದಿದ್ದರೆ ಆರೋಗ್ಯವಾಗಿರುವ ಕೂಸಿನ ಮೂತ್ರಕ್ಕೂ ಇದೇ ವಾಸನೆ ಬರಬಹುದು. ಕೂಸು ಲವಲವಿಕೆಯಿಂದ ಹಾಲು ಕುಡಿಯುತ್ತಿದ್ದರೆ ವಾಸನೆಯೊಂದನ್ನೇ ಕಂಡು ಗಾಬರಿಯಾಗಬೇಕಾಗಿಲ್ಲ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಸಾಕು. ಆದರೆ ಕೂಸು ಹಾಲು ಬಿಟ್ಟಿದ್ದಾಗ 'ಇದು ಮೆಂತ್ಯದ ವಾಸನೆ' ಎಂದು ಸುಮ್ಮನೆ ಕುಳಿತುಕೊಳ್ಳಲೂಬಾರದು. ವೈದ್ಯರಿಗೆ ಎರಡು ಸಂಗತಿಗಳನ್ನೂ ತಿಳಿಸಬೇಕು.

ಕರ್ನಾಟಕದಲ್ಲಿ ನಡೆದ ಪರೀಕ್ಷೆ

ಇದು ಹೊರದೇಶದವರ ಕಾಯಿಲೆ, ನಮಗೇಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವು ನಮ್ಮ ರಾಜ್ಯದಲ್ಲಿಯೇ ದೊರೆತಿದೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಎಂಬ ವಿಜ್ಞಾನಿಯು ಕೂಸಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತವನ್ನು ಹೀರುವ ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಸುಲಭ ವಿಧಾನವನ್ನು ಬಳಕೆಗೆ ತಂದನು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎನ್. ಅಪ್ಪಾಜಿ ರಾವ್, ಡಾ. ಎ. ರಾಧಾ ರಮಾದೇವಿ ಮತ್ತು ಅವರ ಸಂಗಡಿಗರು ಕರ್ನಾಟಕದಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತದಲ್ಲಿ ಅಮೈನೋ ಆಮ್ಲಗಳನ್ನು ಪರೀಕ್ಷಿಸಿದರು. ಇದರ ವಿವರಗಳು 1988ರಲ್ಲಿ ಪ್ರಕಟವಾದವು. ಭಾರತದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಮೊದಮೊದಲ ಪರೀಕ್ಷೆಗಳಲ್ಲಿ ಇದು ಒಂದು. ಮೇಪಲ್ ಸಿರಪ್ ಮೂತ್ರರೋಗ, ಫೀನೈಲ್ ಕೀಟೋನ್ಯೂರಿಯ ಮೊದಲಾದ ಕಾಯಿಲೆಗಳು ನಮ್ಮ ಮಕ್ಕಳಲ್ಲಿಯೂ ಇವೆಯೆಂಬುದು ಇದರಿಂದ ತಿಳಿದುಬಂದಿತು.

ಅದೇ ಕಾಲದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹೆರಿಗೆಯಾದ ತಾಯಂದಿರನ್ನು ವಿಚಾರಿಸಿದಾಗ, ಸುಮಾರು ಮೂವರಲ್ಲಿ ಒಬ್ಬರು ರಕ್ತಸಂಬಂಧದಲ್ಲಿಯೇ ಮದುವೆಯಾದವರೆಂದು ಕಂಡುಬಂದಿತು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿದೆ. ಅದನ್ನು ಮುಂದೆ ನೋಡೋಣ.

ಒಂದು ಮನೆಯ ಉದಾಹರಣೆ

ತಿಳಿವಳಿಕೆಗಾಗಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಕುದುರೆಮುಖದ ಬೆಟ್ಟಸಾಲಿನ ಕೆಳಗೆ, ಕಳಸದ ಸಮೀಪದ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿದ್ದಾರೆ. ಹೆಂಡತಿಯು ಸೋದರತ್ತೆಯ ಮಗನನ್ನೇ ಮದುವೆಯಾದವಳು. ಮೊದಲನೆಯ ಗಂಡುಕೂಸು ಎಂಟನೆಯ ದಿನ ತೀರಿಕೊಂಡಿತ್ತು. ಈಗ ಎರಡನೆಯ ಹೆರಿಗೆಯಾಗಿದೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಹೆಣ್ಣುಕೂಸು ಚೆನ್ನಾಗಿಯೇ ಇತ್ತು. ಮೂರನೆಯ ದಿನ ಬೆಳಿಗ್ಗೆಯಿಂದ ಹಾಲು ಕುಡಿಯುತ್ತಿಲ್ಲ.

"ಅತ್ತೆ, ಮೊದಲನೆಯ ಮಗುವೂ ಹೀಗೆಯೇ ಹಾಲು ಬಿಟ್ಟಿತ್ತಲ್ಲವೇ?" ಎಂದು ಸೊಸೆಯು ಕೇಳುತ್ತಾಳೆ.

"ಹೌದು ಮಗಳೇ, ಅಂದು ನಾವು ಎರಡು ದಿನ ಕಾದು ನೋಡಿದೆವು. ಮಳೆ ನಿಲ್ಲಲಿ, ಆಮೇಲೆ ಹೋಗೋಣ ಎಂದುಕೊಂಡೆವು" ಎಂದು ಅತ್ತೆಯು ಹೇಳುತ್ತಾಳೆ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆಯು ಬರುತ್ತಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೇ ಬಂದು ನೋಡುವುದು ಆಕೆಯ ಕೆಲಸ. ಅವಳು ಕೂಸಿನ ಅಂಗಾಲನ್ನು ಮೆಲ್ಲನೆ ತಟ್ಟಿ ಎಬ್ಬಿಸಲು ನೋಡುತ್ತಾಳೆ. ಕೂಸು ಕಣ್ಣು ತೆರೆದು ಮತ್ತೆ ಮುಚ್ಚುತ್ತದೆ. "ಅಮ್ಮಾ, ಇನ್ನು ಕಾಯುವುದು ಬೇಡ. ಮೊದಲ ಮಗು ಹೋದ ಸಂಗತಿಯನ್ನು ಡಾಕ್ಟರಿಗೆ ಮೊಟ್ಟಮೊದಲು ಹೇಳಿ. ನೀವಿಬ್ಬರೂ ಸಂಬಂಧಿಕರು ಎಂಬುದನ್ನೂ ಹೇಳಿ" ಎನ್ನುತ್ತಾಳೆ. ಗಂಡನು 108ಕ್ಕೆ ಫೋನ್ ಮಾಡುತ್ತಾನೆ. ತಾಯಿಯು ಕೂಸನ್ನು ಎದೆಗೆ ಒತ್ತಿ ಹಿಡಿದು, ಮೇಲೆ ಕಂಬಳಿ ಹೊದೆದು ವಾಹನ ಹತ್ತುತ್ತಾಳೆ.

ಈ ಮನೆಯವರು ಮೂರು ಒಳ್ಳೆಯ ಕೆಲಸಗಳನ್ನು ಮಾಡಿದರು. ಹಿಂದಿನ ಮಗುವಿನ ಮರಣವನ್ನು ಮರೆಮಾಚಲಿಲ್ಲ. ಒಂದು ದಿನವನ್ನೂ ಕಳೆಯಲಿಲ್ಲ. ದಾರಿಯಲ್ಲಿ ಕೂಸಿನ ಮೈ ತಣ್ಣಗಾಗಲು ಬಿಡಲಿಲ್ಲ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್ ದಾರಿಯಿದೆ. ಮಂಗಳೂರಿಗಾಗಲಿ ಮಣಿಪಾಲಕ್ಕಾಗಲಿ ಹೋಗುವುದಾದರೆ ಘಟ್ಟವನ್ನು ಇಳಿಯಬೇಕು. ಮಳೆಗಾಲದಲ್ಲಿ ಮರ ಬಿದ್ದು, ಧರೆ ಕುಸಿದು ದಾರಿ ಕಟ್ಟುವುದುಂಟು. ಬಯಲುಸೀಮೆಯವರಿಗಿಂತ ನಾವು ಮೊದಲೇ ಹೊರಡಬೇಕಾದುದು ಈ ಕಾರಣದಿಂದಲೇ.

ತೀವ್ರ ನಿಗಾ ಘಟಕದಲ್ಲಿ ಏನು ಮಾಡುತ್ತಾರೆ?

ಕೂಸನ್ನು ಗಾಜಿನ ಪೆಟ್ಟಿಗೆಯಂತಹ ತೊಟ್ಟಿಲಲ್ಲಿ ಮಲಗಿಸಿ ಕೊಳವೆಗಳನ್ನು ಹಾಕಿರುವುದನ್ನು ಕಂಡು ಹಲವು ತಂದೆತಾಯಿಗಳು ಹೆದರುತ್ತಾರೆ. ಕೆಲವರು ಹಟ ಮಾಡಿ ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ನಡೆಯುವ ಕೆಲಸವು ಅರ್ಥವಾದರೆ ಈ ಭಯವು ಕಡಿಮೆಯಾಗುತ್ತದೆ.

ಮೊದಲು ರಕ್ತದ ಪರೀಕ್ಷೆ. ನಂಜು ಇದೆಯೇ, ಸಕ್ಕರೆ ಇಳಿದಿದೆಯೇ ಎಂಬುದನ್ನು ನೋಡಿ ಅದಕ್ಕೆ ತಕ್ಕ ಔಷಧವನ್ನು ಕೂಡಲೇ ಆರಂಭಿಸುತ್ತಾರೆ. ಅಮೈನೋ ಆಮ್ಲದ ಸಂಶಯವಿದ್ದರೆ ಕಾಗದದ ಮೇಲೆ ರಕ್ತದ ಹನಿಗಳನ್ನು ಒಣಗಿಸಿ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಈಗಿನ ಯಂತ್ರಗಳು ಈ ಹನಿಗಳಿಂದಲೇ ಅನೇಕ ಅಮೈನೋ ಆಮ್ಲಗಳ ಮಟ್ಟವನ್ನು ಒಂದೇ ಸಲಕ್ಕೆ ಅಳೆಯಬಲ್ಲವು.

ಕಾಯಿಲೆಯು ಖಚಿತವಾದರೆ ಮಾಡುವ ಕೆಲಸ ನಾಲ್ಕು ಬಗೆಯದು.

1. ಸಸಾರಜನಕವಿರುವ ಹಾಲನ್ನು ಸ್ವಲ್ಪ ಕಾಲ ನಿಲ್ಲಿಸುತ್ತಾರೆ. ಮೊಲೆಹಾಲಿನಲ್ಲಿಯೂ ಲ್ಯೂಸಿನ್ ಇರುವುದರಿಂದ ಅದನ್ನೂ ನಿಲ್ಲಿಸಬೇಕಾಗುತ್ತದೆ.

2. ರಕ್ತನಾಳದ ಮೂಲಕ ಸಕ್ಕರೆಯ ನೀರನ್ನೂ ಕೊಬ್ಬಿನ ಅಂಶವನ್ನೂ ಕೊಡುತ್ತಾರೆ. ಉಪವಾಸವಿದ್ದ ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಹಾಗೆ ಕರಗಿದ ಮಾಂಸಖಂಡದಿಂದ ಮತ್ತಷ್ಟು ಲ್ಯೂಸಿನ್ ರಕ್ತಕ್ಕೆ ಬರುತ್ತದೆ. ಸಾಕಷ್ಟು ಶಕ್ತಿಯನ್ನು ಒದಗಿಸಿದರೆ ಇದು ನಿಲ್ಲುತ್ತದೆ.

3. ಲ್ಯೂಸಿನ್ ಬಹಳ ಏರಿದ್ದರೆ ಡಯಾಲಿಸಿಸ್ ಮಾಡಿ ರಕ್ತವನ್ನು ಶುದ್ಧಿ ಮಾಡುತ್ತಾರೆ. ಆಹಾರದಿಂದ ದಿನಗಟ್ಟಲೆ ಹಿಡಿಯುವ ಇಳಿತವು ಇದರಿಂದ ಗಂಟೆಗಳಲ್ಲಿ ಸಾಧ್ಯವಾಗುತ್ತದೆ.

4. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಇಲ್ಲದೆ ಉಳಿದ ಅಮೈನೋ ಆಮ್ಲಗಳಿರುವ ವಿಶೇಷ ಹಾಲಿನ ಪುಡಿಯನ್ನು ಕೊಡುತ್ತಾರೆ. ಮಟ್ಟವು ಇಳಿದ ಮೇಲೆ ಮೊಲೆಹಾಲನ್ನು ಅಳತೆಯಿಂದ ಮತ್ತೆ ಆರಂಭಿಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಈ ಮೂರೂ ಅಮೈನೋ ಆಮ್ಲಗಳು ಹೆಚ್ಚಾದರೆ ವಿಷ. ಆದರೆ ಇವು ಇಲ್ಲದೆ ಕೂಸು ಬೆಳೆಯಲಾರದು. ಚಿಕಿತ್ಸೆಯ ಕಾಲದಲ್ಲಿ ಐಸೋಲ್ಯೂಸಿನ್ ಮತ್ತು ವ್ಯಾಲಿನ್ ತೀರ ಇಳಿದರೆ ಲ್ಯೂಸಿನ್ ಇಳಿಯುವುದೂ ತಡವಾಗುತ್ತದೆ. ಆದುದರಿಂದ ಮೊದಲು ತಡೆದ ಪದಾರ್ಥವನ್ನೇ ವೈದ್ಯರು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕಾಗುತ್ತದೆ. ಮೇಲಿಂದ ಮೇಲೆ ರಕ್ತವನ್ನು ತೆಗೆದು ನೋಡುವುದು ಈ ಸಮತೋಲವನ್ನು ಕಾಯುವುದಕ್ಕಾಗಿಯೇ. 'ಇಷ್ಟು ಸಣ್ಣ ಕೂಸಿನ ರಕ್ತವನ್ನು ದಿನವೂ ತೆಗೆಯುತ್ತಾರೆ' ಎಂದು ಬೇಸರಪಡಬಾರದು.

ಆ ದಿನಗಳಲ್ಲಿ ತಾಯಿಯು ಮೊಲೆಹಾಲನ್ನು ಹಿಂಡಿ ತೆಗೆಯುತ್ತಿರಬೇಕು. ಹಾಗೆ ಮಾಡದಿದ್ದರೆ ಹಾಲು ಬತ್ತಿಹೋಗಿ ಮಗುವಿಗೆ ಮುಂದೆ ಬೇಕಾದಾಗ ಸಿಗದೆ ಹೋಗುತ್ತದೆ. ಯಾವುದೇ ಕಾರಣಕ್ಕೂ, ವೈದ್ಯರು ಹೇಳದೆ, ಮನೆಯಲ್ಲಿ ನೀವಾಗಿಯೇ ಮೊಲೆಹಾಲನ್ನು ನಿಲ್ಲಿಸಬಾರದು. ಸಾವಿರಾರು ಕೂಸುಗಳಿಗೆ ಅದೇ ಅಮೃತ. ಎಲ್ಲೋ ಒಂದು ಕೂಸಿಗೆ ಮಾತ್ರ ಅದನ್ನು ಅಳೆದು ಕೊಡಬೇಕಾಗುತ್ತದೆ.

ಮೊದಲ ಕೆಲವು ದಿನಗಳಲ್ಲಿಯೇ ಚಿಕಿತ್ಸೆ ದೊರೆತ ಮಕ್ಕಳು ಬದುಕಿ ಬೆಳೆದು ಶಾಲೆಗೆ ಹೋಗಬಲ್ಲರು. ಲ್ಯೂಸಿನ್ ಎಷ್ಟು ದಿನ ಏರಿದ ಮಟ್ಟದಲ್ಲಿರುತ್ತದೆಯೋ ಅಷ್ಟಷ್ಟು ಮಿದುಳಿಗೆ ಹಾನಿಯಾಗುತ್ತದೆ. ಬದುಕುಳಿದ ಮಗುವಿಗೆ ಆಹಾರದ ಪಥ್ಯವು ಜೀವನಪೂರ್ತಿ ಬೇಕು. ಜ್ವರವಾಗಲಿ ವಾಂತಿಯಾಗಲಿ ಬಂದು ಊಟ ತಪ್ಪಿದರೆ ಲ್ಯೂಸಿನ್ ಮತ್ತೆ ಏರಬಹುದಾದುದರಿಂದ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ರಕ್ತಸಂಬಂಧದ ಮದುವೆಯ ವಿಚಾರ

ಈ ಕಾಯಿಲೆ ಹೇಗೆ ಬರುತ್ತದೆ? ಕಾಫಿ ಹಣ್ಣನ್ನು ಬಿಡಿಸಿ ನೋಡಿ. ಒಳಗೆ ಸಾಮಾನ್ಯವಾಗಿ ಎರಡು ಬೀಜಗಳಿರುತ್ತವೆ. ಅದೇ ರೀತಿ ನಮ್ಮ ದೇಹದ ಪ್ರತಿಯೊಂದು ಕಿಣ್ವದ ತಯಾರಿಕೆಗೂ ಎರಡೆರಡು ವಂಶವಾಹಿಗಳಿವೆ: ಒಂದು ತಂದೆಯಿಂದ ಬಂದುದು, ಒಂದು ತಾಯಿಯಿಂದ ಬಂದುದು. ಎರಡರಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. ಅಂಥವರಿಗೆ ಕಾಯಿಲೆ ಇರುವುದಿಲ್ಲ. ತಮ್ಮಲ್ಲಿ ದೋಷವಿದೆಯೆಂಬುದು ಅವರಿಗೆ ತಿಳಿದೂ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿಯೂ ಒಂದೊಂದು ಕೆಟ್ಟ ವಂಶವಾಹಿ ಇದ್ದು, ಮಗುವಿಗೆ ಆ ಎರಡೂ ಬಂದಾಗ ಮಾತ್ರ ಕಾಯಿಲೆ ಉಂಟಾಗುತ್ತದೆ. ಇಂತಹ ದಂಪತಿಗಳಿಗೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಈ ಅಪಾಯವಿರುತ್ತದೆ. ನಾಲ್ಕರಲ್ಲಿ ಮೂರು ಪಾಲು ಕಾಯಿಲೆಯಿಲ್ಲದ ಮಗು ಹುಟ್ಟುವ ಸಾಧ್ಯತೆ ಇರುತ್ತದೆ.

ಇಲ್ಲಿ ದೋಷವು ತಾಯಿಯದೊಂದೇ ಅಲ್ಲ, ತಂದೆಯದೊಂದೇ ಅಲ್ಲ ಎಂಬುದನ್ನು ಚೆನ್ನಾಗಿ ಮನಗಾಣಬೇಕು. ಇಬ್ಬರ ಪಾಲೂ ಸಮನಾಗಿರುತ್ತದೆ, ಮತ್ತು ಇಬ್ಬರೂ ನಿರಪರಾಧಿಗಳು. ಕೂಸು ಕಳೆದುಕೊಂಡ ಸೊಸೆಯನ್ನು ಹಳಿಯುವುದು, ಆ ಕಾರಣಕ್ಕೆ ಗಂಡನಿಗೆ ಎರಡನೆಯ ಮದುವೆಯ ಮಾತೆತ್ತುವುದು ಅನ್ಯಾಯ.

ಒಂದೇ ಅಜ್ಜ ಅಜ್ಜಿಯರ ಮೊಮ್ಮಕ್ಕಳು ಮದುವೆಯಾದಾಗ ಒಬ್ಬರಲ್ಲಿರುವ ಕೆಟ್ಟ ವಂಶವಾಹಿಯು ಇನ್ನೊಬ್ಬರಲ್ಲಿಯೂ ಇರುವ ಸಾಧ್ಯತೆ ಎಂಟರಲ್ಲಿ ಒಂದು ಪಾಲು. ಸೋದರಮಾವನನ್ನೇ ಮದುವೆಯಾದರೆ ಅದು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಸಂಬಂಧವಿಲ್ಲದ ದಂಪತಿಗಳ 100 ಮಕ್ಕಳಲ್ಲಿ 2ರಿಂದ 3 ಮಕ್ಕಳಿಗೆ ಹುಟ್ಟಿನಿಂದ ಯಾವುದಾದರೊಂದು ಗಂಭೀರ ನ್ಯೂನತೆ ಇರುವುದುಂಟು. ಸೋದರ ಸಂಬಂಧದ ದಂಪತಿಗಳಲ್ಲಿ ಇದು ಸುಮಾರು ಇಮ್ಮಡಿಯಾಗುತ್ತದೆ. ಅಂದರೆ ಸಂಬಂಧದಲ್ಲಿ ಮದುವೆಯಾದವರ ಹೆಚ್ಚಿನ ಮಕ್ಕಳು ಆರೋಗ್ಯವಂತರೇ. ಈಗಾಗಲೇ ಮದುವೆಯಾದವರು ಭಯಪಡಬೇಕಾಗಿಲ್ಲ. ಆದರೆ ಮುಂದೆ ಮಕ್ಕಳಿಗೆ ಮದುವೆ ಮಾಡುವಾಗ, ಆಸ್ತಿ ಹೊರಗೆ ಹೋಗಬಾರದು, ನೆಂಟಸ್ತಿಕೆ ಬಿಡಬಾರದು ಎಂಬುದರ ಜೊತೆಗೆ ಈ ಸಂಗತಿಯನ್ನೂ ಹಿರಿಯರು ಯೋಚಿಸುವುದು ಒಳ್ಳೆಯದು. ಅದರಲ್ಲಿಯೂ ಮನೆತನದಲ್ಲಿ ಎಳೆಗೂಸುಗಳು ಕಾರಣ ತಿಳಿಯದೆ ತೀರಿಕೊಂಡಿದ್ದರೆ ಸಂಬಂಧದೊಳಗೆ ಕೊಟ್ಟು ತರುವುದನ್ನು ಬಿಡುವುದೇ ಲೇಸು.

ನೀವು ಮಾಡಬೇಕಾದುದೇನು?

ಬಸುರಿಯ ಹೆಸರನ್ನು ಆರೋಗ್ಯ ಕೇಂದ್ರದಲ್ಲಿ ನೋಂದಾಯಿಸುವಾಗಲೇ ಎರಡು ಸಂಗತಿಗಳನ್ನು ತಿಳಿಸಿ: ನೀವು ಸಂಬಂಧಿಕರೇ ಎಂಬುದು, ಮತ್ತು ಹಿಂದೆ ನಿಮ್ಮ ಮನೆಯಲ್ಲಿ ಎಳೆಗೂಸು ತೀರಿಕೊಂಡಿದೆಯೇ ಎಂಬುದು. ಇವುಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಹಾಗಿದ್ದರೆ ಹೆರಿಗೆಯು ಮಕ್ಕಳ ತಜ್ಞರಿರುವ ಆಸ್ಪತ್ರೆಯಲ್ಲಿ ಆಗುವಂತೆ ನೋಡಿಕೊಳ್ಳಿ. ಕೂಸಿಗೆ ಒಂದು ದಿನ ತುಂಬಿದ ಮೇಲೆ ಹಿಮ್ಮಡಿಯ ರಕ್ತಪರೀಕ್ಷೆ ಮಾಡಿಸುವಂತೆ ಕೇಳಿಕೊಳ್ಳಿ. ಈ ಪರೀಕ್ಷೆಯನ್ನು ಎಲ್ಲ ಆಸ್ಪತ್ರೆಗಳಲ್ಲಿಯೂ ತಾನಾಗಿ ಮಾಡುವುದಿಲ್ಲ, ಕೇಳಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಈ ಮುಂದಿನ ಚಿಹ್ನೆಗಳಲ್ಲಿ ಯಾವುದೊಂದು ಕಂಡರೂ ಅಂದೇ, ರಾತ್ರಿಯಾಗಿದ್ದರೂ, ಹೊರಡಬೇಕು:

— ಚೆನ್ನಾಗಿ ಕುಡಿಯುತ್ತಿದ್ದ ಕೂಸು ಹಾಲು ಬಿಡುವುದು
— ಎಬ್ಬಿಸಿದರೂ ಏಳದಷ್ಟು ಮಂಪರು
— ಮೇಲಿಂದ ಮೇಲೆ ವಾಂತಿ
— ಕೀರಲು ದನಿಯ ಅಳು
— ಮೈ ಜೋತುಬೀಳುವುದು, ಬಿಲ್ಲಿನಂತೆ ಹಿಂದಕ್ಕೆ ಬಾಗುವುದು, ಸೆಳೆತ
— ಉಸಿರಾಟದ ಏರುಪೇರು
— ಮೈ ತಣ್ಣಗಾಗುವುದು ಅಥವಾ ಜ್ವರ

ಹರಳೆಣ್ಣೆ ಕುಡಿಸುವುದು, ಇಂಗು ಬಜೆಗಳನ್ನು ನೆಕ್ಕಿಸುವುದು, ಬರೆ ಹಾಕುವುದು ಇವುಗಳಿಂದ ಕೂಸಿಗೆ ಕೇಡೇ ಹೊರತು ಗುಣವಿಲ್ಲ. ದೇವರಿಗೆ ಹರಕೆ ಹೊತ್ತುಕೊಳ್ಳುವುದು ನಿಮ್ಮ ನಂಬಿಕೆ; ಹೊತ್ತುಕೊಂಡು ಕೂಡಲೇ ಹೊರಡಿ.

108 ವಾಹನವು ಕರ್ನಾಟಕದಲ್ಲಿ 2008ರಿಂದ ಇದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು 2011ರಲ್ಲಿ ಆರಂಭವಾಯಿತು; ಇದರಲ್ಲಿ ಕಾಯಿಲೆ ಬಿದ್ದ ಎಳೆಗೂಸಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯೂ ಪ್ರಯಾಣವೂ ಉಚಿತ. ತೋಟದಲ್ಲಿ ಫೋನಿನ ಸಿಗ್ನಲ್ ಸಿಗದ ಜಾಗಗಳು ಬಹಳ. ಆದುದರಿಂದ ಹೆರಿಗೆಗೆ ಮೊದಲೇ ಯಾರ ಜೀಪನ್ನು ಕೇಳುವುದು, ಎಲ್ಲಿಂದ ಫೋನ್ ಮಾಡುವುದು ಎಂಬುದನ್ನು ಗಂಡನು ನಿಶ್ಚಯಿಸಿಟ್ಟುಕೊಂಡಿರಬೇಕು. ತೋಟದ ರೈಟರಿಗೂ ನೆರೆಯವರಿಗೂ ತಿಳಿಸಿಡಬೇಕು.

ಇಂತಹ ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ಒಂದು ರಾಷ್ಟ್ರೀಯ ನೀತಿಯನ್ನು ರೂಪಿಸಿದೆ. ವಿಶೇಷ ಆಹಾರದಿಂದ ಹತೋಟಿಯಲ್ಲಿಡಬಹುದಾದ ಮೇಪಲ್ ಸಿರಪ್ ಮೂತ್ರರೋಗವೂ ಅದರ ಪಟ್ಟಿಯಲ್ಲಿ ಸೇರಿದೆ. ಬೆಂಗಳೂರಿನ ಮಾನವ ವಂಶವಾಹಿ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯನ್ನು ಈ ಕೆಲಸಕ್ಕಾಗಿ ಗುರುತಿಸಲಾಗಿದೆ. ನಿಮ್ಮ ವೈದ್ಯರ ಮೂಲಕ ಅಲ್ಲಿಗೆ ಹೋಗಬಹುದು.

ಮುಂದಿನ ಮಗುವಿನ ವಿಚಾರ

ಎಲ್ಲ ಪ್ರಯತ್ನವನ್ನು ಮಾಡಿದರೂ ಒಮ್ಮೊಮ್ಮೆ ಕೂಸು ಉಳಿಯುವುದಿಲ್ಲ. ಆ ದುಃಖದ ನಡುವೆಯೂ ಒಂದು ಮಾತನ್ನು ನೆನಪಿಡಿ. ಕೂಸಿನ ರಕ್ತವನ್ನು ಪರೀಕ್ಷೆಗಾಗಿ ತೆಗೆದಿಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ಅವರೇ ಕೇಳಿದರೆ ಬೇಡವೆನ್ನಬೇಡಿ. ಹೋದ ಮಗುವಿನ ಆ ಹನಿಗಳು ಮುಂದೆ ಹುಟ್ಟುವ ಮಗುವನ್ನು ಕಾಪಾಡಬಲ್ಲವು. ಕಾರಣವು ತಿಳಿದರೆ ಮುಂದಿನ ಗರ್ಭದ ಮೂರು ನಾಲ್ಕು ತಿಂಗಳಲ್ಲಿಯೇ ಕೂಸಿಗೆ ಕಾಯಿಲೆ ಇದೆಯೇ ಎಂಬುದನ್ನು ಪರೀಕ್ಷಿಸಿ ತಿಳಿಯಬಹುದು. ಇಲ್ಲವೇ ಹುಟ್ಟಿದ ದಿನದಿಂದಲೇ ಚಿಕಿತ್ಸೆಯ ಸಿದ್ಧತೆಯನ್ನು ಮಾಡಿಕೊಳ್ಳಬಹುದು.

ಕಾರಣವು ತಿಳಿಯುವವರೆಗೆ ಮುಂದಿನ ಗರ್ಭಕ್ಕೆ ಆತುರಪಡಬೇಡಿ. ತಾಯಿಯ ದೇಹವೂ ಮನಸ್ಸೂ ಚೇತರಿಸಿಕೊಳ್ಳಲು ಕಾಲ ಬೇಕು. ಆ ಅಂತರಕ್ಕಾಗಿ ವಂಕಿ, ನುಂಗುವ ಮಾತ್ರೆ, ನಿರೋಧ್ ಮುಂತಾದ ಸಾಧನಗಳು ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಗಂಡ ಹೆಂಡತಿ ಇಬ್ಬರೂ ಕೂಡಿ ಹೋಗಿ ಸಲಹೆಯನ್ನು ಪಡೆಯಿರಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಚೆನ್ನಾಗಿ ಹುಟ್ಟಿದ ಕೂಸು ಮೊದಲ ವಾರದಲ್ಲಿ ಹಾಲು ಬಿಟ್ಟರೆ ಅದು ತುರ್ತು ಸ್ಥಿತಿ.
2. ನಂಜಿನಂತೆಯೇ ರಕ್ತದ ಅಮೈನೋ ಆಮ್ಲಗಳ ಏರಿಕೆಯೂ ಇದಕ್ಕೆ ಕಾರಣವಾಗಬಹುದು. ರಕ್ತಪರೀಕ್ಷೆಯಿಂದ ಮಾತ್ರ ಅದು ತಿಳಿಯುತ್ತದೆ.
3. ಹಿಂದಿನ ಮಗುವಿನ ಮರಣವನ್ನೂ ರಕ್ತಸಂಬಂಧವನ್ನೂ ವೈದ್ಯರಿಂದ ಮುಚ್ಚಿಡಬಾರದು.
4. ಪ್ರಯಾಣದಲ್ಲಿ ಕೂಸನ್ನು ಎದೆಗೆ ಒತ್ತಿ ಬೆಚ್ಚಗಿಡಬೇಕು. ಅದು ಹೀರಬಲ್ಲದಾದರೆ ಮೊಲೆಹಾಲನ್ನು ಕೊಡುತ್ತಿರಬೇಕು.
5. ಕಾಯಿಲೆಗೆ ತಾಯಿಯನ್ನು ಹಳಿಯಬಾರದು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಯಿಂದ ಎಳೆಗೂಸುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಎಷ್ಟು ದೂರ? ಮಳೆಗಾಲದ ರಾತ್ರಿಯಲ್ಲಿ ಅಲ್ಲಿಗೆ ಹೇಗೆ ಹೋಗುವಿರಿ?
2. ನಿಮ್ಮ ಮನೆತನದಲ್ಲಿ ಮೊದಲ ತಿಂಗಳಲ್ಲಿಯೇ ತೀರಿಕೊಂಡ ಕೂಸುಗಳಿವೆಯೇ? ಹಿರಿಯರನ್ನು ಕೇಳಿ ತಿಳಿದುಕೊಳ್ಳಿ.
3. ನಿಮ್ಮ ಭಾಗದ ಆಶಾ ಕಾರ್ಯಕರ್ತೆಯ ಫೋನ್ ಸಂಖ್ಯೆಯು ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿದೆಯೇ? ಇಲ್ಲದಿದ್ದರೆ ಇಂದೇ ಬರೆದಿಡಿ.